ಕನ್ನಡಿಯ ಹಿಂದಿನ ಬಿಂದು

ಅಣ್ಣಾ,

ನೀನು ಹೋದ ಮೇಲೆ ನಿನ್ನ ಮೇಲೆ ಮೊದಲ ಸಲ ಸಿಟ್ಟು ಬಂದದ್ದು ಹೋದ ಭಾನುವಾರ. ಗುಂಡ್ಲುಪೇಟೆ ಸ್ಕೂಲಿನಲ್ಲಿ ನನ್ನ ಮೇಷ್ಟ್ರಗಿರಿ ಖಾಯಂ ಆಯಿತು. ಅಲ್ಲೇ ಪುಟ್ಟ ಮನೆ ಹಿಡಿದು, ಅವ್ವನನ್ನು ಕರೆದೊಯ್ಯಲು ಚಾಮರಾಜನಗರಕ್ಕೆ ಬಂದರೆ, ಅವ್ವ ಜಪ್ಪಯ್ಯ ಅಂದರೂ ಏಳಲಿಲ್ಲ.

"ನಿಮ್ಮಣ್ಣ ದಿನಾ ಸಂಜೆಗೆ ಬತ್ತಾನೆ ಕಣಮ್ಮಿ. ಮಂಚದ್ ಮ್ಯಾಲೆ, ಗ್ವಾಡೇಲಿ, ಬೆಳ್ಕಾಗಿ ಕೂತ್ಕತಾನೆ. ಅವುನ್ನ ಬುಟ್ಟು ಎಂಗ್ ಬರ್ಲಿ?"

ನಿನ್ನ ಕೋಣೆಯೊಳಗೆ ಕಾಲಿಡುವ ಧೈರ್ಯ ನನಗಿನ್ನೂ ಬಂದಿರಲಿಲ್ಲ. ಹೊಸಿಲಲ್ಲೇ ನಿಂತು ನೋಡಿದೆ. ಎದುರು ಗೋಡೆಯಲ್ಲಿ, ನಿನ್ನ ದಿಂಬಿನ ಮೇಲೆ, ಅಂಗೈಯಗಲದ ಬೆಳಕು ನಡುಗುತ್ತಿತ್ತು. ಒಂದು ಹೆಜ್ಜೆ ಹಿಂದಕ್ಕಿಟ್ಟೆ. ಆಮೇಲೆ ನನಗೇ ನಗು ಬಂತು. ಥೂ, ಕನ್ನಡಿ! ನೀನು ಗಡ್ಡ ಹೆರೆಯುತ್ತಿದ್ದ ಕನ್ನಡಿ ಬಾಗಿಲ ಪಕ್ಕದ ಒಳಗೋಡೆಯಲ್ಲಿದೆ, ಹೊಸಿಲಿಂದ ಕಾಣುವುದಿಲ್ಲ ಅಷ್ಟೆ. ಎದುರಿನ ಕಿಟಕಿಯಿಂದ ಬಂದ ಬಿಸಿಲು ಅದಕ್ಕೆ ತಾಗಿ ಹಿಂದಿರುಗುತ್ತದೆ.

ಮೈಸೂರು ಕಾಲೇಜಿನಿಂದ ರಜೆಗೆ ಬಂದಾಗ ಜಗಲಿಯಲ್ಲಿ ಇದ್ದಿಲಿನಿಂದ ಗೆರೆ ಎಳೆದು ಕಲಿಸಿದ್ದೆಯಲ್ಲ? "ಕನ್ನಡಿ ಹಿಂದೆ, ಅಷ್ಟೇ ದೂರದಾಗೆ, ಒಬ್ಬ ನಿಂತವ್ನೆ ಅನ್ಕೊ ಕಣಮ್ಮಿ. ಅವ್ನು ಇಲ್ಲ. ಆದ್ರೂ ಗೆರೆ ಅವ್ನಿಂದ್ಲೇ ಎಳೀಬೇಕು." ನಾನು ಹೆದರಿದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ ನೀನು...

ಅದೇ ಜಗಲಿಯಲ್ಲಿ ಅವ್ವನನ್ನು ಕೂರಿಸಿ, ಇದ್ದಿಲು ಹಿಡಿದು, ನೆನಪಿನ ಅಳತೆಯಲ್ಲೇ ಲೆಕ್ಕ ಮಾಡಿದೆ. ಕನ್ನಡಿಯ ಗೋಡೆ x-ಅಕ್ಷ, ಪಕ್ಕದ ಗೋಡೆ y-ಅಕ್ಷ. ಕನ್ನಡಿ (4, 0), ಕಿಟಕಿ (2, 8), ಎಲ್ಲ ಅಡಿಯಲ್ಲಿ. ಕಿಟಕಿಯ ಪ್ರತಿಬಿಂಬ (2, −8), ನೀನು ಹೇಳಿದ ಆ ಇಲ್ಲದವನು. ಅಲ್ಲಿಂದ ಕನ್ನಡಿಯ ಮೂಲಕ ಗೆರೆ ಎಳೆದರೆ y = 4x − 16. ಎದುರು ಗೋಡೆ ಮುಟ್ಟಿದಾಗ, ಅಂದರೆ y ಎಂಟಾದಾಗ, x ಆರು. ನಿನ್ನ ದಿಂಬು ಮೂಲೆಯಿಂದ ಆರಡಿಗೇ ಅಲ್ಲವೇ?

"ನೋಡವ್ವ, ಬರೀ ಲೆಕ್ಕ!" ಅಂದೆ.

ಅವ್ವ ಇದ್ದಿಲ ಗೆರೆಯನ್ನೇ ನೋಡುತ್ತಿದ್ದಳು. "ಆ ಇಲ್ದಿರೋನು ಎಲ್ ನಿಂತವ್ನೆ?"

ಕನ್ನಡಿ ಗೋಡೆಯ ಹಿಂದೆ ಎಂಟಡಿ. ನಡುಮನೆಯ ಕಂಬದ ಪಕ್ಕ. ಅಣ್ಣಾ, ಕೊನೆಯ ದಿನ ನಿನ್ನನ್ನು ಮಲಗಿಸಿದ್ದು ಅಲ್ಲೇ.

ಅದು ಕಾಕತಾಳೀಯ ಎಂದು ನನಗೆ ನಾನೇ ಹೇಳಿಕೊಂಡು, ಅವ್ವನಿಗೆ ಕನ್ನಡಿ ತೋರಿಸಲು ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ತಿರುಗಿ ನೋಡಿದರೆ ಕಂಡದ್ದು ಕನ್ನಡಿಯ ಬೆನ್ನು. ಬರೀ ಹಲಗೆ, ತುಕ್ಕು ಮೊಳೆ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಕನ್ನಡಿ ನೋಡಬಾರದು ಎಂದು ಚಂದಕವಾಡಿ ಅತ್ತೆ ಅವತ್ತೇ ಅದನ್ನು ಗೋಡೆಗೆ ಮುಖ ಮಾಡಿ ತೂಗುಹಾಕಿದ್ದರಂತೆ. ಅಳುವಿನಲ್ಲಿ ನನಗೆ ಅದೆಲ್ಲಿ ಗೊತ್ತಾಗಬೇಕು?

ದಿಂಬಿನ ಮೇಲೆ ಬೆಳಕು ಹಾಗೇ ಇತ್ತು.

"ಈವಾಗ ನೀನೇ ಯೋಳು," ಅಂದಳು ಅವ್ವ, "ಯಾರ್ನ ಬುಟ್ಟು ಬರ್ಲಿ?"

ಗುಂಡ್ಲುಪೇಟೆ ಮನೆಯ ಬೀಗದ ಕೈ ವಾಪಸ್ಸು ಕೊಟ್ಟೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ಬರುತ್ತೇನೆ, ಸುಸ್ತಾಗುತ್ತದೆ, ಆಗಲಿ. ಮುಂದಿನ ತಿಂಗಳು ನಿನಗೆ ವರ್ಷ. ಕನ್ನಡಿ ತಿರುಗಿಸಲು ಅತ್ತೆ ಬರುತ್ತಾರೆ. ತಿರುಗಿಸಿದರೆ ನಿನ್ನ ಬೆಳಕು ಬರೀ ಬಿಸಿಲಾದೀತು; ನಾನು ಬಿಡುವುದಿಲ್ಲ ಅಣ್ಣಾ, ಮಾತು ಕೊಡುತ್ತೇನೆ. ನಡುಮನೆಯ ಕಂಬದ ಹತ್ತಿರ ಈಗ ನಾವ್ಯಾರೂ ಕೂರುವುದಿಲ್ಲ. ನಿನ್ನ ಬೆಳಕಿಗೆ ಅಡ್ಡ ಆದೀತು.

ನಿನ್ನ ತಂಗಿ