ಕೈ ಕಟ್ಟಿ ನಿಲ್ಲುವ ತರಬೇತಿ

ಭಾನುವಾರ, ಅಕ್ಟೋಬರ್ ೧೨

ಪ್ರೀತಿಯ ಅಕ್ಕ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಎರಡು ಕಾಗದಗಳು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಗುಂಡಿಗಳ ಜೊತೆ ಕೂತು ನನ್ನನ್ನೇ ನೋಡುತ್ತಿವೆ. ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈಯಿ, ನಾನು ಅದಕ್ಕೆ ತಕ್ಕವಳೇ. ನಿನ್ನ ಮೊಣಕಾಲು ಹೇಗಿದೆ? ಭಾವ ಈಗಲೂ ಡಾಕ್ಟರಿಗೇ ಔಷಧಿ ಹೇಳಿಕೊಡುತ್ತಾರಾ? ಇಲ್ಲಿ ನಾನೂ ಮಗಳೂ ಚೆನ್ನಾಗಿದ್ದೇವೆ. ಅವಳು ನನ್ನ ಭುಜದ ಎತ್ತರಕ್ಕೆ ಬೆಳೆದಿದ್ದಾಳೆ. ಬೆಳಗ್ಗೆ ನಾನು ಹುಡುಕುವಷ್ಟರಲ್ಲಿ ನನ್ನ ಚಪ್ಪಲಿ ಅವಳ ಕಾಲಲ್ಲಿ ಶಾಲೆಗೆ ಹೋಗಿರುತ್ತದೆ.

ತಡವಾದದ್ದಕ್ಕೆ ಕಾರಣ ಹೇಳಿದರೆ ನಗಬೇಡ. ಭಾನುವಾರ ಬಂತೆಂದರೆ ನಾನು ತರಬೇತಿಗೆ ಹೋಗುತ್ತಿದ್ದೆ. ಮಕ್ಕಳ ತಂಡವನ್ನು ಕಾಡು, ಗುಡ್ಡ ಸುತ್ತಿಸಿಕೊಂಡು ಬರುವ ದೊಡ್ಡವರಿಗೆ ಕೊಡುವ ತರಬೇತಿ. ಹೌದು ಮಾರಾಯ್ತಿ, ನಾನೇ. ಹಲ್ಲಿ ಕಂಡರೆ ಮಂಚ ಹತ್ತುತ್ತಿದ್ದ ನಿನ್ನ ತಂಗಿಯೇ. ಇವರು ನಡೆಸುತ್ತಿದ್ದ ತಂಡ ನಿನಗೆ ಗೊತ್ತಲ್ಲ. ಇವರು ತೀರಿಕೊಂಡ ಮೇಲೆ ಆ ಮಕ್ಕಳು ಒಂದು ಸಲವೂ ಹೊರಗೆ ಹೋಗಿರಲಿಲ್ಲ. ತರಬೇತಿ ಪಡೆದ ಇಬ್ಬರು ದೊಡ್ಡವರಿಲ್ಲದೆ ತಂಡ ಹೊರಡುವಂತಿಲ್ಲ. ಮುಂದೆ ಬಂದವರು ಮೂಲೆ ಮನೆಯ ಹಲ್ಲಿನ ಡಾಕ್ಟರು ಒಬ್ಬರೇ. ಇನ್ನೊಬ್ಬರು ಸಿಗದಿದ್ದರೆ ಈ ವರ್ಷವೇ ತಂಡ ಮುಚ್ಚುತ್ತೇವೆ ಎಂದು ಸಂಸ್ಥೆಯವರು ಹೇಳಿಕಳಿಸಿದರು. ಮಗಳು ಬಾಗಿಲ ಹಿಂದೆ ನೇತಾಡುತ್ತಿದ್ದ ತನ್ನ ಬೆನ್ನುಚೀಲ ತೆಗೆದು, ಕುರ್ಚಿ ಹತ್ತಿ, ಅಟ್ಟದ ಮೇಲೆ ಇಟ್ಟಳು. ಅದನ್ನು ನೋಡಿ ನಾನು ಹೆಸರು ಕೊಟ್ಟುಬಂದೆ.

ಕಲಿಸುವವರು ಯಾರು ಗೊತ್ತಾ? ವಾರವೆಲ್ಲ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಒಬ್ಬ ಹೆಂಗಸು. ನಾವೆಲ್ಲ ಮೇಡಂ ಎನ್ನುತ್ತೇವೆ. ಕತ್ತಿನಲ್ಲಿ ಒಂದು ಸೀಟಿ ಯಾವಾಗಲೂ ತೂಗುತ್ತಿರುತ್ತದೆ, ಆದರೆ ಊದಿದ್ದನ್ನು ಯಾರೂ ಕೇಳಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಸುಮ್ಸುಮ್ನೆ ಊದ್ತಾ ಇದ್ರೆ, ನಿಜವಾಗ್ಲೂ ಊದಿದ ದಿನ ಯಾರು ತಿರುಗಿ ನೋಡ್ತಾರೆ?" ಎಂದರು. ನನಗೆ ಆ ಕ್ಷಣವೇ ಅವರ ಮೇಲೆ ಮನಸ್ಸು ಕೂತುಬಿಟ್ಟಿತು.

ತರಗತಿ ನಡೆದದ್ದು ಒಂದು ಶಾಲೆಯ ಆಟದ ಹಾಲಿನಲ್ಲಿ. ಗೋಡೆಗೆ ಒರಗಿಸಿದ ಕಬ್ಬಿಣದ ಕುರ್ಚಿಗಳು, ರಬ್ಬರ್ ಚೆಂಡಿನ ವಾಸನೆ. ಮೊದಲ ವಾರ ನಮ್ಮಲ್ಲಿ ಅರ್ಧ ಜನ ಮಕ್ಕಳಾಗಬೇಕು, ಅರ್ಧ ಜನ ಮುಂದಾಳುಗಳಾಗಬೇಕು. ಹಲ್ಲಿನ ಡಾಕ್ಟರು ಹಟಮಾರಿ ಹುಡುಗನಾದರು. ಆ ಗಾತ್ರದ ಮನುಷ್ಯ ನೆಲದ ಮೇಲೆ ಧೊಪ್ಪನೆ ಕೂತು, "ನಂಗೆ ಕಾಲು ನೋವು, ನಾನು ಬರಲ್ಲಾ" ಎಂದು ರಾಗ ತೆಗೆದರು. ನಾನು ಕರಗಿಹೋಗಿ ಅವರ ಚೀಲವನ್ನು ಹೆಗಲಿಗೆ ಏರಿಸಿಕೊಂಡೆ.

"ಅವರ ಚೀಲ ನೀವ್ಯಾಕೆ ಹೊತ್ರಿ?" ಮೇಡಂ ಕೇಳಿದರು.

"ಪಾಪ, ಅಳ್ತಾ ಇದ್ರು."

"ನೀವು ಹೊತ್ರೆ ಅವರು ನಾಳೇನೂ ಅಳ್ತಾರೆ. ಎಲ್ಲರಿಗಿಂತ ನಿಧಾನ ಇರೋರನ್ನ ಮುಂದೆ ನಡೆಸಿ. ಸಾಲೆಲ್ಲ ಅವರ ನಡಿಗೆಗೆ ಬರ್ಲಿ. ನೀವು ಕೊನೇಲಿ ಬನ್ನಿ."

ಡಾಕ್ಟರು ಮುಂದೆ ನಡೆದರು. ಏನು ಗತ್ತು ಅಂತೀಯ! ಮೆರವಣಿಗೆ ಇವರದೇ ಎನ್ನುವ ಹಾಗೆ. ನಗು ತಡೆಯಲಾರದೆ ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಆದರೆ ಮೇಡಂ ಕಲಿಸುವ ನಿಜವಾದ ಪಾಠ ಬೇರೆ. ಮಕ್ಕಳು ಏನಾದರೂ ಕಟ್ಟುವಾಗ, ಬೇಯಿಸುವಾಗ, ದಾರಿ ಹುಡುಕುವಾಗ ನಾವು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲಬೇಕು. ಮುಟ್ಟುವ ಹಾಗಿಲ್ಲ. ಹೊಲಿಗೆಯವಳಿಗೆ ಇದಕ್ಕಿಂತ ಘೋರ ಶಿಕ್ಷೆ ಉಂಟೇ? ಯಾರಾದರೂ ಗುಂಡಿ ಸೊಟ್ಟ ಹಾಕಿಕೊಂಡು ಬಸ್ಸಿನಲ್ಲಿ ಕೂತರೆ ಇಳಿಯುವವರೆಗೆ ನನ್ನ ಬೆರಳು ತುರಿಸುತ್ತಿರುತ್ತದೆ. ಮೊದಲ ಎರಡು ವಾರವೂ ಸೋತೆ. ಮೂರನೆಯ ವಾರ ಮೇಡಂ ನನ್ನನ್ನು ತಮ್ಮ ಕಾರಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಕಲಿಸುವವರ ಕಾಲ ಹತ್ತಿರ ಇರುವ ಎರಡನೇ ಬ್ರೇಕು ತೋರಿಸಿದರು.

"ಇದನ್ನ ನಾನು ಒತ್ತಿದಷ್ಟೂ ಕಲಿಯೋರಿಗೆ ಗಾಡಿ ಬರಲ್ಲ. ಹಾಗಂತ ಕಾಲು ತೆಗೆದು ಕೂತ್ರೆ ಇಬ್ರೂ ಉಳಿಯಲ್ಲ. ಕಾಲು ಇಲ್ಲೇ ಇರ್ಬೇಕು, ಒತ್ತಬಾರ್ದು. ಅಷ್ಟೇ ಕಣ್ರೀ ನನ್ನ ಕೆಲ್ಸ."

ಎಷ್ಟು ವರ್ಷದಿಂದ ಹೀಗೆ ಪಕ್ಕದ ಸೀಟಿನಲ್ಲಿ ಕೂತು ಪರರ ತಪ್ಪುಗಳನ್ನು ಸಮಾಧಾನದಿಂದ ನೋಡಿದ್ದಾರೋ! ಅಂಥವರ ಮುಂದೆ ನನಗೆ ನನ್ನ ಅವಸರದ ಬಗ್ಗೆ ನಾಚಿಕೆಯಾಯಿತು, ಅಕ್ಕ. ಅವರಂತೆ ಆಗಬೇಕು ಎಂದು ಈ ವಯಸ್ಸಿನಲ್ಲಿ ಆಸೆಪಟ್ಟೆ.

ಇವತ್ತು ಪರೀಕ್ಷೆ. ಬಸ್ಸಿನ ಕೊನೆಯ ನಿಲ್ದಾಣದಾಚೆಯ ಗುಡ್ಡದ ಮೇಲೆ, ನಮ್ಮ ತಂಡದ ಮಕ್ಕಳನ್ನೇ ಕರೆದುಕೊಂಡು. ಮೇಡಂ ಒಂದು ಬಂಡೆಯ ಮೇಲೆ ಕೂತರು. ಮಕ್ಕಳು ಮರಗಳ ನಡುವೆ ಹಗ್ಗ ಕಟ್ಟಿ ಟಾರ್ಪಾಲಿನ್ ಹೊದಿಸಿದರು. ಒಂದು ಮಗ್ಗುಲು ಸಡಿಲ, ಒಂದು ಮಗ್ಗುಲು ಬಿಗಿ, ಬೇರೆಯವರ ಅಳತೆಗೆ ಹೊಲಿದ ರವಿಕೆಯ ಹಾಗೆ. ನಾನು ಬೆನ್ನ ಹಿಂದೆ ಬೆರಳುಗಳನ್ನು ಹೆಣೆದು ಹಲ್ಲು ಕಚ್ಚಿ ನಿಂತೆ. ಗಾಳಿ ಬೀಸಿತು, ಹಗ್ಗ ಜಾರಿತು, ಇಡೀ ಟಾರ್ಪಾಲಿನ್ ಎಲ್ಲರ ತಲೆಯ ಮೇಲೆ ಬಿತ್ತು. ಅದರಡಿಯಿಂದ ಒಂದು ನಗು ಕೇಳಿತು. ನಮ್ಮವಳದು! ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ಇವರು ಹೋದಾಗಿನಿಂದ ನಾನು ಕೇಳಿರಲಿಲ್ಲ.

ಆಮೇಲೆ ಅಡುಗೆ. ತಂಡದ ಎಲ್ಲರಿಗಿಂತ ಚಿಕ್ಕ ಹುಡುಗಿ ಪಾತ್ರೆ ಇಳಿಸಲು ಬಗ್ಗಿದಳು. ತನ್ನ ಅಕ್ಕನ ಅಂಗಿ ತೊಟ್ಟು ಬಂದಿದ್ದಳು, ತೋಳು ಉದ್ದ. ಅದು ಉರಿಯ ಕಡೆಗೆ ಇಳಿಯುವುದು ಕಂಡದ್ದಷ್ಟೇ ಗೊತ್ತು, ನೋಡುವಷ್ಟರಲ್ಲಿ ಅವಳ ಮುಂಗೈ ನನ್ನ ಕೈಯಲ್ಲಿತ್ತು. ಮುಗಿಯಿತು, ಫೇಲಾದೆ, ತಂಡ ಮುಚ್ಚಿತು ಎಂದುಕೊಂಡು ಅಲ್ಲೇ ಕೂತು ಅತ್ತುಬಿಟ್ಟೆ.

ಮೇಡಂ ಬಂಡೆಯಿಂದ ಇಳಿದು ಬಂದರು. "ಯಾಕ್ ಅಳ್ತೀರಿ? ಪಾಸಾಗಿದ್ದೀರಿ. ಟಾರ್ಪಾಲಿನ್ ಬಿದ್ದಾಗ ಕೈ ಹಿಂದೇನೇ ಇತ್ತು, ತೋಳು ಬೆಂಕಿ ಹತ್ರ ಹೋದಾಗ ಮುಂದೆ ಬಂತು. ಇದನ್ನ ಹೇಳ್ಕೊಡೋಕೆ ನಂಗೂ ಬರಲ್ಲ, ನೀವಾಗೇ ಕಲಿತ್ರಿ."

ಡಾಕ್ಟರು ಎರಡೂ ಕೈ ಎತ್ತಿ ಕುಣಿದರು, ಮಕ್ಕಳೂ ಕುಣಿದರು. ಮನೆಗೆ ಬಂದವಳೇ ಮಗಳು ಕುರ್ಚಿ ಎಳೆದು, ಅಟ್ಟದ ಮೇಲಿದ್ದ ಚೀಲ ಇಳಿಸಿ ಧೂಳು ಕೊಡವಿದಳು. ಮುಂದಿನ ತಿಂಗಳು ನಮ್ಮ ಮೊದಲ ಪ್ರವಾಸ.

ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ಮರೆಯಬೇಡ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ. ಅವರ ಕಾಲಿಗೆ ಮುಳ್ಳು ತಾಗದಿರಲಿ, ತಾಗಿದರೂ ತಾವೇ ತೆಗೆದುಕೊಳ್ಳುವಷ್ಟು ಗಟ್ಟಿಯಾಗಲಿ. ನೀನು ನನ್ನ ತಲೆ ಮೇಲೆ ದೂರದಿಂದಲೇ ಒಮ್ಮೆ ಕೈ ಇಡು.

ನಿನ್ನ
ಪುಟ್ಟಿ

ತಾ.ಕ.: ಒಂದು ಮಾತು ಮೇಲೆ ಬರೆಯಲು ಆಗಲಿಲ್ಲ. ಟಾರ್ಪಾಲಿನ್ ಗಾಳಿಗೆ ಬಿತ್ತು ಎಂದೆನಲ್ಲ, ಹಾಗೆ ಬೀಳಿಸುವಂಥ ಗಾಳಿ ಅದಾಗಿರಲಿಲ್ಲ. ಗುಡ್ಡದಿಂದ ವಾಪಸ್ಸು ಹೊರಡುವ ಮೊದಲು ಮೇಡಂ ನನಗೊಬ್ಬಳಿಗೇ ಹಗ್ಗ ತೋರಿಸಿ, "ಈ ಮಕ್ಕಳೆಲ್ಲ ಒಂದೇ ತರ ತಪ್ಪು ಗಂಟು ಹಾಕ್ತಾರೆ. ಕೊನೇ ಸುತ್ತು ಉಲ್ಟಾ. ಯಾರೋ ಹಾಗೆ ಕಲಿಸಿದ್ದಾರೆ. ಪ್ರವಾಸಕ್ಕೆ ಮುಂಚೆ ನೀವು ತಿದ್ದಲೇಬೇಕು" ಎಂದರು. ಕಲಿಸಿದ್ದು ಯಾರೆಂದು ಅವರಿಗೆ ಗೊತ್ತಿಲ್ಲ. ನಾನು ನೋಡಿದೊಡನೆ ಗುರುತಿಸಿದೆ. ನಮ್ಮ ಬಾಲ್ಕನಿಯ ಬಟ್ಟೆ ಹಗ್ಗವನ್ನು ಇವರು ಹಾಗೇ ಕಟ್ಟುತ್ತಿದ್ದರು. ಒದ್ದೆ ಬಟ್ಟೆ ಸಮೇತ ಕೆಳಗೆ ಬೀಳುತ್ತಿತ್ತು, ನಾನು ರೇಗುತ್ತಿದ್ದೆ, ಇವರು ನಗುತ್ತಾ ಮತ್ತೆ ಹಾಗೇ ಕಟ್ಟುತ್ತಿದ್ದರು. ಇವರು ಹೋದಮೇಲೆ ನಾನು ಕಟ್ಟಿದ ಹಗ್ಗ ಒಂದು ಸಲವೂ ಬಿದ್ದಿಲ್ಲ.

ಮಕ್ಕಳ ತಲೆಯ ಮೇಲೆ ಬೀಳುವಂಥದ್ದು, ತಿದ್ದುತ್ತೇನೆ, ತಿದ್ದಲೇಬೇಕು. ಮಗಳಿಂದಲೇ ಶುರು ಮಾಡೋಣವೆಂದು ಈ ಕಾಗದಕ್ಕೆ ಕೂರುವ ಮುಂಚೆ ಒಂದು ಹಗ್ಗದ ತುಂಡು ಹಿಡಿದು ಅವಳೆದುರು ಕೂತೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, "ಹಾಗಲ್ಲಮ್ಮ, ಅಪ್ಪ ಹೀಗೆ ಹಾಕ್ತಿದ್ರು, ನಾನು ಹೇಳ್ಕೊಡ್ತೀನಿ ನೋಡು" ಎಂದು ಆ ಕೊನೆಯ ಸುತ್ತನ್ನು ಉಲ್ಟಾ ತಿರುಗಿಸಿದಳು.

ನಾನು ಕೈಗಳನ್ನು ಹಿಂದೆ ಕಟ್ಟಿಕೊಂಡೆ, ಅಕ್ಕ.