ತೊದಲು ನುಡಿಯ ಗಿರಾಕಿ

ಕಲಾಮಾತಾ
ಸೆಪ್ಟೆಂಬರ್ ೧೬, ಸೋಮವಾರ

ಮಹಾಶಯ ಸ್ಟಾಥಿಸ್,

ಗಂಡನಿಗೆ ಬರೆಯುವಾಗ ‘ಪ್ರೀತಿಯ’ ಎಂದು ಶುರುಮಾಡಬೇಕಂತೆ. ನನಗೆ ಕೈ ಬರಲಿಲ್ಲ. ವಿಳಾಸ ಕೊಟ್ಟವಳು ನಿನ್ನ ತಂಗಿ. ಬೈಯುವುದಿದ್ದರೆ ಅವಳನ್ನೇ ಬೈದುಕೋ.

ಶನಿವಾರ ನಮ್ಮ ಸಂತೆಗೆ ಬಂದಿದ್ದೆಯಲ್ಲ, ಆ ಜರ್ಮನ್ ಹೆಂಗಸಿನ ಕೈಹಿಡಿದುಕೊಂಡು? ಹುಲ್ಲಿನ ಟೋಪಿ, ಕಪ್ಪು ಕನ್ನಡಕ, ಕೊರಳಲ್ಲಿ ಕ್ಯಾಮೆರಾ. ದೊಡ್ಡ ಬಾಗಿಲ ಬಳಿಯ ನಮ್ಮ ಹಳೆಯ ಜಾಗಕ್ಕೆ ಹೆದರಿ, ಮೀನಿನ ಸಾಲಿನ ಹಿಂದಿನಿಂದ ಸುತ್ತಿಕೊಂಡು ಬಂದೆ. ನಿನ್ನ ಗ್ರಹಚಾರ, ನಮ್ಮ ಆಲಿವ್ ಅಂಗಡಿ ಈಗ ಇರುವುದೇ ಅಲ್ಲಿ. ಪೆಟ್ಟಿಗೆಗಳ ಮರೆಯಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದ ನನಗೆ ಗುರುತು ಹಿಡಿಯಲು ನಿನ್ನ ನಡಿಗೆಯೇ ಸಾಕಾಯಿತು.

ಏನು ನಾಟಕವಯ್ಯಾ ಅದು! ಇದೇ ಊರಿನ ಮಣ್ಣಲ್ಲಿ ಹೊರಳಾಡಿ ಬೆಳೆದವನು ಪರದೇಶಿಯ ಹಾಗೆ ನಾಲಿಗೆ ತಿರುಚಿ, “ಇದು... ಎಷ್ಟು... ಕಿಲೋ?” ಎಂದು ಕೇಳಿದೆ.

“ಏಳು ಯೂರೋ,” ಎಂದಳು ತಕ್ಕಡಿಯ ಬಳಿಯಿದ್ದ ಹುಡುಗಿ.

“ಜಾಸ್ತಿ, ಜಾಸ್ತಿ! ಐದು!” ಎಂದು ಬೆರಳು ಬಿಡಿಸಿ ತೋರಿಸಿದೆ.

ಪಕ್ಕದ ಚೀಸ್ ಅಂಗಡಿಯ ಫ್ರೋಸೋ ಅಕ್ಕ ನನ್ನ ಕಿವಿಗೆ ಬಗ್ಗಿ, “ಲೇ ಎವಾಂಥಿಯಾ, ಇವ್ನು ನಿನ್ ಗಂಡ ಅಲ್ವೇನೇ? ಮಾತಾಡೋದೂ ಮರ್ತುಬಿಟ್ನಾ ಪಾಪಿ? ಮೀನು ಕೊಚ್ಚೋ ಕತ್ತಿ ಇಸ್ಕೊಂಡ್ ಬರ್ಲಾ?” ಅಂದಳು. ನಾನು ತುಟಿಗೆ ಬೆರಳಿಟ್ಟೆ. ನಿನ್ನ ಮಾನ ಉಳಿಸಲು ಅಲ್ಲ, ಆ ಹುಡುಗಿಗಾಗಿ.

ಅವಳು ಮಿರ್ತೋ. ನೀನು ದುಡಿಯುತ್ತೇನೆಂದು ಜರ್ಮನಿಗೆ ಹೊರಟಾಗ ಆರು ವರ್ಷದವಳು, ಈಗ ಹದಿನಾರು. “ಚೆಂದ ಹುಡುಗಿ! ಫೋಟೋ?” ಎಂದು ಹಲ್ಲು ಕಿರಿದೆ. ಹೆತ್ತ ಮಗಳ ಮುಖಕ್ಕೆ ಕ್ಯಾಮೆರಾ ಹಿಡಿದೆ, ಒಂದು ಕಣ್ಣು ಮುಚ್ಚಿ ಸರಿಯಾಗಿ ನೋಡಿದೆ, ಕ್ಲಿಕ್ಕಿಸಿದೆ. ನಿನ್ನದೇ ಮೂಗು ಕಣೋ ಅವಳದು! ಕಾಲು ಕಿಲೋ ಆಲಿವ್ ಕಟ್ಟಿಸಿಕೊಂಡು ಹೊರಟೇಬಿಟ್ಟೆ.

ಅಪ್ಪ ಪರದೇಶದಲ್ಲಿ ಕಷ್ಟಪಡುತ್ತಿದ್ದಾನೆ ಎಂದೇ ಅವಳನ್ನು ನಂಬಿಸಿದ್ದೇನೆ. ಆ ಸುಳ್ಳು ನಿನಗಿಂತ ಎಷ್ಟೋ ಮೇಲು, ಹಾಗೇ ಇರಲಿ. ಇನ್ನು ಇತ್ತ ಸುಳಿಯಬೇಡ. ನಿಮ್ಮೂರಲ್ಲಿ ಆಲಿವ್ ಡಬ್ಬಿಯಲ್ಲಿ ಸಿಗುತ್ತದಂತೆ. ನಿನ್ನ ಯೋಗ್ಯತೆಗೆ ಅದೇ ಸರಿ.

ಕಾಗದದಲ್ಲಿ ಮಾತ್ರ ನಿನ್ನ ಹೆಂಡತಿ,
ಎವಾಂಥಿಯಾ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಮಿರ್ತೋ ಬಂದು, “ಅಪ್ಪಂಗಾ ಬರೀತಿರೋದು?” ಎಂದಳು. ನಾನು ಲಕೋಟೆ ಮಗುಚಿಟ್ಟೆ. “ಟೋಪಿ ತೆಗೆದು ಬೆವರು ಒರೆಸ್ಕೊಂಡಾಗ್ಲೇ ಗೊತ್ತಾಯ್ತಮ್ಮ,” ಅಂದಳು. “ಅದಕ್ಕೇ ಫೋಟೋಗೆ ಅಲ್ಲಾಡದೆ ನಿಂತ್ಕೊಂಡೆ. ಅಷ್ಟು ಹತ್ರದಿಂದ ನೋಡಿದ್ರೆ ಅಪ್ಪಂಗೂ ಗೊತ್ತಾಗುತ್ತೇನೋ ಅಂತ.”