ಕುಸಿದ ಬಿಲ್ಲೆ ಹೇಳಿದ ನಿಜ

ಬಾಗಲಕೋಟೆ
ಜೂನ್ ೩೧, ೨೨೧೮

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ, ರಸ್ತೆ ಪರೀಕ್ಷಾಲಯದ ಶಕೀಲಾ ನದಾಫ್ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ತಿಂಗಳುಗಳಲ್ಲಿ ತಾರತಮ್ಯ ಬೇಡವೆಂದು ಎಲ್ಲಕ್ಕೂ ಮೂವತ್ತೊಂದು ದಿನ ಕೊಟ್ಟಿದ್ದೇವೆ. ಪಾಪ, ಡಿಸೆಂಬರ್ ಮಾತ್ರ ಇಪ್ಪತ್ತನಾಲ್ಕಕ್ಕೇ ಮುಗಿಯುತ್ತದೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಮಗೆ ಉರಿಗಾಲ ಎಂಬ ನಾಲ್ಕನೆಯ ಕಾಲವಿದೆ. ಆಗ ಶಾಲೆ, ಸಂತೆ, ಮದುವೆ ಎಲ್ಲವೂ ಬಿಸಿಲೇರುವ ಮೊದಲೇ ಮುಗಿಯುತ್ತವೆ. ಆಮೇಲೆ ರಸ್ತೆಯಲ್ಲಿ ಓಡಾಡುವವು ನೆಲದೋಣಿಗಳು, ಅಂದರೆ ಚಾಲಕರಿಲ್ಲದ ಉದ್ದನೆಯ ಸರಕುಗಾಡಿಗಳು. ಮೆತ್ತಗಾದ ಡಾಂಬರಿನ ಮೇಲೆ ಅವು ಸಾಲುಗಟ್ಟಿ ಹೋದರೆ ಆಳವಾದ ಜಾಡು ಬೀಳುತ್ತದೆ.

ಹೋದ ಉರಿಗಾಲದಲ್ಲಿ ಅಂಥದೊಂದು ಜಾಡಿನಲ್ಲಿ ಆಂಬುಲೆನ್ಸ್ ಸಿಕ್ಕಿಕೊಂಡಿತು. ಒಳಗಿದ್ದವಳು ನನ್ನ ಸಹೋದ್ಯೋಗಿ ದುಂಡಪ್ಪ ಬಳಿಗಾರರ ಮಗಳು. ಹೆರಿಗೆ ಅಲ್ಲೇ ಆಯಿತು. ತಾಯಿ, ಕೂಸು ಇಬ್ಬರೂ ಕ್ಷೇಮ. "ಎಲ್ಲಾರೂ ದವಾಖಾನ್ಯಾಗ ಹುಟ್ಟಿದ್ರ, ನನ್ನ ಮೊಮ್ಮಗಳು ನನ್ನ ರೋಡಿನ ಮ್ಯಾಲನ ಹುಟ್ಯಾಳ" ಎಂದು ದುಂಡಪ್ಪ ಪೇಢೆ ಹಂಚುತ್ತ ನಕ್ಕರು. ಪೇಢೆ ಮುಗಿದ ಮೇಲೆ ಅವರ ಮುಖ ಗಂಭೀರವಾಯಿತು. "ಅಕ್ಕಾರ, ನಮ್ಮ ಬಿಲ್ಲಿ ಸುಳ್ಳ ಹೇಳಾಕತ್ತಾವ."

ಬಿಲ್ಲೆ ಎಂದರೆ ರಸ್ತೆ ಹಾಕುವ ಮುಂಚೆ ಅದೇ ಜಲ್ಲಿ, ಅದೇ ಡಾಂಬರನ್ನು ಕಾಯಿಸಿ ಒತ್ತಿ ಮಾಡುವ, ಬೆಲ್ಲದ ಅಚ್ಚಿನಂಥ ದುಂಡನೆಯ ಮಾದರಿ. ಅದನ್ನು ಬಿಸಿಯಲ್ಲಿ ಅಮುಕಿ ನೋಡಿ, ರಸ್ತೆ ಎಷ್ಟು ತಾಳುತ್ತದೆಂದು ಹೇಳುವುದು ನಮ್ಮ ಕೆಲಸ. ಜಾಡು ಬಿದ್ದ ಆ ರಸ್ತೆಯ ಬಿಲ್ಲೆಯೂ ನಮ್ಮಲ್ಲಿ ಪಾಸಾಗಿತ್ತು. ಬಿಲ್ಲೆ ಒತ್ತುವ ಹಳೆಯ ಯಂತ್ರ ಸವೆದುಹೋಗಿತ್ತು. ಹೊಸದೊಂದಕ್ಕೆ ಮಂಜೂರಾತಿ ಸಿಕ್ಕಿತು, ಜಗಳವೂ ಶುರುವಾಯಿತು.

ದುಂಡಪ್ಪನವರಿಗೆ ಮೇಲಿಂದ ತೂಕ ಬಿದ್ದು ಕುಟ್ಟುವ ಸುತ್ತಿಗೆಯಂತ್ರವೇ ಬೇಕು. "ಕೆಟ್ರ ನಾನ ರಿಪೇರಿ ಮಾಡ್ತೀನ್ರಿ." ನನಗೋ ಉರುಳೆಯಿಂದ ಒತ್ತುವ, ತಾನೇ ಕಲಸಿ ತಾನೇ ವರದಿ ಕೊಡುವ ಥಳಥಳಿಸುವ ದೊಡ್ಡ ಯಂತ್ರದ ಮೇಲೆ ಮನಸ್ಸು.

"ಅದನ್ನ ಒಳಗ ತರಾಕ ಗ್ವಾಡಿ ಒಡೀಬೇಕಲ್ರಿ ಅಕ್ಕಾರ!"

"ಒಡಿಯೂಣಂತ ಬಿಡ್ರಿ!"

ಮೂರನೆಯದೊಂದಿತ್ತು. ಅಚ್ಚನ್ನು ತುಸು ಓರೆಯಾಗಿಟ್ಟು ತಿರುಗಿಸುತ್ತ ಮೇಲಿಂದ ಒತ್ತುವ ಸಣ್ಣ ಯಂತ್ರ. ರೊಟ್ಟಿ ಹಿಟ್ಟು ನಾದಿದಂತಿದೆಯೆಂದು ಇಬ್ಬರೂ ಅದನ್ನು ನೋಡಿ ನಕ್ಕಿದ್ದೆವು.

ಕೊನೆಗೆ ಮೂರನ್ನೂ ಪರೀಕ್ಷೆಗೆ ತರಿಸಿದೆವು. ಜಾಡು ಬಿದ್ದ ರಸ್ತೆಗೆ ಹಾಕಿದ್ದ ಅದೇ ಮಿಶ್ರಣದಿಂದ ಮೂರರಲ್ಲೂ ಬಿಲ್ಲೆ ಮಾಡಿದೆವು. ಸುತ್ತಿಗೆಯ ಬಿಲ್ಲೆ ಬಿಸಿಯಲ್ಲಿ ಜಗ್ಗಲಿಲ್ಲ. ದುಂಡಪ್ಪ ಮೀಸೆ ತಿರುವಿದರು. ನನ್ನ ದೊಡ್ಡ ಯಂತ್ರದ್ದೂ ಜಗ್ಗಲಿಲ್ಲ; ನಾನೂ ಬೀಗಿದೆ. ಸಣ್ಣ ಯಂತ್ರದ್ದು ಮಾತ್ರ ಕುಸಿದು ಚಪ್ಪಟೆಯಾಯಿತು. ಇಬ್ಬರೂ ನಗಲು ಬಾಯಿ ತೆರೆದೆವು, ಹಾಗೆಯೇ ಮುಚ್ಚಿಕೊಂಡೆವು. ರಸ್ತೆ ಕುಸಿದದ್ದೂ ಹೀಗೆಯೇ ಅಲ್ಲವೇ?

"ಇದೊಂದ ಖರೇ ಹೇಳಿದ್ದು," ಎಂದರು ದುಂಡಪ್ಪ ಮೆಲ್ಲಗೆ.

ಅದನ್ನೇ ಕೊಂಡೆವು. ಅದರ ಬಿಲ್ಲೆ ಜಗ್ಗದೆ ನಿಲ್ಲುವವರೆಗೂ ಮಿಶ್ರಣ ಬದಲಿಸಿದೆವು. ಆ ಮಿಶ್ರಣದ ಹೊಸ ರಸ್ತೆ ಈ ಉರಿಗಾಲವನ್ನು ಒಂದು ಗೆರೆಯೂ ಬೀಳದೆ ದಾಟಿದೆ. ನನಗೂ ದುಂಡಪ್ಪನವರಿಗೂ ಕಾಲು ನೆಲದ ಮೇಲಿಲ್ಲ.

ನಿಮಗೇಕೆ ಬರೆಯುತ್ತಿದ್ದೇನೆಂದರೆ, ಹೊಸ ಡಾಂಬರು ಹೇಗೆ ಕೂತಿದೆಯೆಂದು ನೋಡಲು ನಿನ್ನೆ ಆ ರಸ್ತೆಯನ್ನು ಕೊರೆದು ಒಂದು ತುಂಡು ತೆಗೆದೆವು. ನಮ್ಮ ಪದರ, ನಮ್ಮ ಅಜ್ಜಂದಿರ ಪದರ, ಎಲ್ಲದರ ತಳದಲ್ಲಿ ನಿಮ್ಮ ಕಾಲದ ಪದರ. ಕಲ್ಲಿಗೆ ಕಲ್ಲು ಕಚ್ಚಿಕೊಂಡು ಗಟ್ಟಿಯಾಗಿ ಕೂತಿತ್ತು. "ಯಾರೋ ಮನಸ್ಸಿಟ್ಟ ಹಾಕ್ಯಾರ್ರಿ" ಎಂದು ದುಂಡಪ್ಪ ಅದರ ಮೇಲೆ ಕೈಯಾಡಿಸಿದರು.

ನಿಮ್ಮ ಯಂತ್ರ ಯಾವುದೇ ಇರಲಿ, ಬಿಲ್ಲೆ ಕುಸಿದ ದಿನ ಅದನ್ನು ಮೂಲೆಗೆಸೆದು ಇನ್ನೊಂದು ಮಾಡಿ ಪಾಸು ಮಾಡಬೇಡಿ ಎಂಬುದಷ್ಟೇ ಕೋರಿಕೆ. ನಾವು ಇನ್ನೂ ನಿಮ್ಮ ರಸ್ತೆಯ ಮೇಲೇ ಓಡಾಡುತ್ತಿದ್ದೇವೆ.